ಮಗು ನೋಡುವುದು ಹೇಗೆ? ಕೇಳುವುದು ಹೇಗೆ?

ತಂದೆ ತಾಯಂದಿರೇ,

ಹುಟ್ಟಿದ ಮಗುವಿನ ಕಣ್ಣು ಕಿವಿಗಳು ಅಂದವಾಗಿರುವುದನ್ನು ಕಂಡು ನೀವು ಸಂತೋಷಪಡುತ್ತೀರಿ. ಆದರೆ ಇವು ಬಾಗಿಲುಗಳು ಮಾತ್ರ. ಒಳಗೆ ಬಂದುದನ್ನು ಗುರುತಿಸಿ ಅರ್ಥ ಮಾಡಿಕೊಳ್ಳುವುದು ಮೆದುಳು.

ಬೆಳಕು ಕಣ್ಣಿನ ಪಾಪೆಯ ಮೂಲಕ ಒಳಹೊಕ್ಕು, ಹಿಂಭಾಗದ ಅಕ್ಷಿಪಟಲದ ಮೇಲೆ ತಲೆಕೆಳಗಾದ ಬಿಂಬವನ್ನು ಮೂಡಿಸುತ್ತದೆ. ನರವು ಆ ಸುದ್ದಿಯನ್ನು ಮೆದುಳಿಗೆ ಒಯ್ಯುತ್ತದೆ. ಶಬ್ದವೆಂದರೆ ಗಾಳಿಯ ಕಂಪನ. ಅದು ಕಿವಿತಮಟೆಯನ್ನೂ, ಅದರ ಹಿಂದಿನ 3 ಸಣ್ಣ ಮೂಳೆಗಳನ್ನೂ ಅಲುಗಿಸಿ, ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾಗಿರುವ ಒಳಕಿವಿಯ ದ್ರವವನ್ನು ಕದಲಿಸುತ್ತದೆ. ಅಲ್ಲಿಂದ ಮುಂದೆ ನರದ ಕೆಲಸ.

ಮೆದುಳು ಅರ್ಥ ಮಾಡಿಕೊಳ್ಳುವುದನ್ನು ಅಭ್ಯಾಸದಿಂದ ಕಲಿಯುತ್ತದೆ. ಗರ್ಭದಲ್ಲಿರುವಾಗಲೇ ಮಗು ತಾಯಿಯ ದನಿಯನ್ನು ಕೇಳುತ್ತದೆ. ಹುಟ್ಟಿದಾಗ ಅದಕ್ಕೆ ಸುಮಾರು 20ರಿಂದ 30 ಸೆಂಟಿಮೀಟರ್ ದೂರದವರೆಗೆ ಮಾತ್ರ ತಕ್ಕಮಟ್ಟಿಗೆ ಕಾಣುತ್ತದೆ. ಹಾಲುಣ್ಣುವಾಗ ತಾಯಿಯ ಮುಖವಿರುವುದು ಅಷ್ಟೇ ದೂರದಲ್ಲಿ. ಆದುದರಿಂದ ಮಗುವಿನ ಮುಖ ನೋಡಿ ಮಾತನಾಡಿರಿ, ಜೋಗುಳ ಹಾಡಿರಿ.

ಕಿವಿ ಕೇಳದ ಮಗುವಿಗೆ ಮಾತು ಬಾರದಿರುವುದು ನಾಲಗೆಯ ದೋಷದಿಂದಲ್ಲ. ಕೇಳದ ಮಾತನ್ನು ಅದು ಕಲಿಯುವುದಾದರೂ ಹೇಗೆ? ಇಂಥ ಮಗು ಕಣ್ಣಿನಲ್ಲಿ ಬಹಳ ಚುರುಕು. ನೆರಳು ಸುಳಿದರೂ, ನೆಲ ಅದುರಿದರೂ ತಿರುಗಿ ನೋಡುವುದರಿಂದ ಮನೆಯವರು ಮೋಸಹೋಗುತ್ತಾರೆ. "ಇವರಪ್ಪನೂ ತಡವಾಗಿಯೇ ಮಾತು ಕಲಿತ" ಎಂದು ಹಿರಿಯರು ಸಮಾಧಾನ ಹೇಳುವಷ್ಟರಲ್ಲಿ ಮಾತು ಕಲಿಯುವ ಅಮೂಲ್ಯ ವರ್ಷಗಳು ಕಳೆದುಹೋಗುತ್ತವೆ.

ಮನೆಯಲ್ಲಿ ಗಮನಿಸತಕ್ಕ ಅಂಶಗಳು:

1. ದೊಡ್ಡ ಶಬ್ದವಾದಾಗ ಎಳೆಯ ಕೂಸು ಬೆಚ್ಚಿಬೀಳುತ್ತದೆಯೇ?
2. 3 ತಿಂಗಳಿಗೆ ನಿಮ್ಮ ಮುಖವನ್ನು ನೋಡಿ ನಗುತ್ತದೆಯೇ? ಆಚೀಚೆ ಸರಿಯುವ ವಸ್ತುವನ್ನು ಕಣ್ಣಿನಿಂದ ಹಿಂಬಾಲಿಸುತ್ತದೆಯೇ?
3. 6 ತಿಂಗಳಿಗೆ, ಕಾಣದಂತೆ ಹಿಂದೆ ನಿಂತು ಮೆಲ್ಲನೆ ಗಿಲಕಿ ಆಡಿಸಿದರೆ ತಲೆ ತಿರುಗಿಸುತ್ತದೆಯೇ?
4. 1 ವರ್ಷಕ್ಕೆ ಹೆಸರು ಹಿಡಿದು ಕರೆದರೆ ಓಗೊಡುತ್ತದೆಯೇ?
5. ಪಾಪೆಯಲ್ಲಿ ಬಿಳುಪು ಕಾಣುತ್ತದೆಯೇ? ಇದ್ದರೆ ಒಂದು ದಿನವೂ ತಡಮಾಡಬೇಡಿ.

ಸಂದೇಹ ಬಂದರೆ ಆಶಾ ಕಾರ್ಯಕರ್ತೆಗೆ ತಿಳಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಲ್ಲಿಗೆ ಹೋಗಿರಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ನವಜಾತ ಶಿಶುವಿನ ಶ್ರವಣವನ್ನೂ ಪರೀಕ್ಷಿಸುತ್ತಾರೆ. ಹುಟ್ಟುಕಿವುಡಿದ್ದರೆ 3 ತಿಂಗಳೊಳಗೆ ಪತ್ತೆಯಾಗಿ, 6 ತಿಂಗಳೊಳಗೆ ಶ್ರವಣಸಾಧನವೂ ತರಬೇತಿಯೂ ಆರಂಭವಾಗುವುದು ಮೇಲು.

ಎಣ್ಣೆಸ್ನಾನದ ದಿನ ಕಿವಿಗೆ ಎಣ್ಣೆ ಬಿಡಬೇಡಿ. ಕಡ್ಡಿ, ಪಿನ್ನು ಹಾಕಬೇಡಿ. ಕಣ್ಣಿಗೆ ಕಾಡಿಗೆ ಹಚ್ಚಬೇಡಿ. ಕಿವಿ ಸೋರಿದರೆ ಚಿಕಿತ್ಸೆ ಮಾಡಿಸಿರಿ. 9 ತಿಂಗಳು ತುಂಬಿದೊಡನೆ ದಡಾರ-ರುಬೆಲ್ಲಾ ಲಸಿಕೆಯನ್ನೂ 'ಎ' ಅನ್ನಾಂಗದ ದ್ರಾವಣವನ್ನೂ ತಪ್ಪದೆ ಕೊಡಿಸಿರಿ. ಹತ್ತಿರದ ರಕ್ತಸಂಬಂಧದಲ್ಲಿ ಮದುವೆಯಾದ ದಂಪತಿಗಳ ಮಕ್ಕಳಲ್ಲಿ ಹುಟ್ಟುಕಿವುಡಿನ ಸಂಭವ ಹೆಚ್ಚು. ಅಂಥವರು ಮಗು ಹುಟ್ಟಿದ ಕೂಡಲೇ ಶ್ರವಣ ಪರೀಕ್ಷೆ ಮಾಡಿಸತಕ್ಕದ್ದು.

ಮಗುವಿನ ನ್ಯೂನತೆಗೆ ತಾಯಿಯನ್ನು ದೂಷಿಸುವುದು ಸಲ್ಲದು. ಗಂಡಹೆಂಡಿರಿಬ್ಬರೂ ಕೂಡಿ ಗಮನಿಸಿರಿ, ಕೂಡಿಯೇ ವೈದ್ಯರಲ್ಲಿಗೆ ಹೋಗಿರಿ. ಬೇಗ ತಿಳಿದಷ್ಟೂ ಮಗುವಿಗೆ ಲಾಭ.