ಜೀಪಿನ ದುಡ್ಡು ಮೊದಲು ಬ್ರೇಕಿಗೆ

ನ್ಯಾಮತಿ ಕಡೆ ಅಡಿಕೆಗೆ ಒಳ್ಳೇ ಧಾರಣೆ ಸಿಕ್ಕ ವರ್ಷ ಹಳೆ ಜೀಪುಗಳಿಗೆ ಕಳೆ ಬರುತ್ತದೆ. ಬಣ್ಣ ಹೊಡೆಸುತ್ತಾರೆ, ಅಗಲದ ಟಯರ್ ಹಾಕಿಸುತ್ತಾರೆ, ಮುಂದೆ ಕಬ್ಬಿಣದ ಬಂಪರ್ ಕೂರಿಸುತ್ತಾರೆ. ಬ್ರೇಕಿನ ಸರದಿ ಬರುವಷ್ಟರಲ್ಲಿ ದುಡ್ಡು ಮುಗಿದಿರುತ್ತದೆ. ಈ ಸರದಿ ತಿರುಗುಮುರುಗಾಗಬೇಕು. ಟಯರು, ಬಂಪರಿನಿಂದ ತೂಕ ಏರಿದ ಜೀಪನ್ನು ನಿಲ್ಲಿಸಲು ಮೊದಲಿಗಿಂತ ಹೆಚ್ಚು ಶಕ್ತಿ ಬೇಕು. ಇರುವುದು ಮಾತ್ರ ಅದೇ ಹಳೆಯ ಡ್ರಮ್ ಬ್ರೇಕು.

ನಮ್ಮ ಮನೆಯದು ಮಹೀಂದ್ರ ಸಿಜೆ 500ಡಿ, ಟ್ರ್ಯಾಕ್ಟರ್ ಮೂಲದ ಡೀಸೆಲ್ ಇಂಜಿನ್ನಿನದು. ಅಪ್ಪ ಕೊಂಡಾಗ ನಮ್ಮೂರು ಹೊನ್ನಾಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆಗೆ ಸೇರಿತ್ತು. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ; ಗಾಡಿ ಅದಕ್ಕೂ ಹಳೆಯದು. ನಾಲ್ಕೂ ಚಕ್ರಕ್ಕೆ ಡ್ರಮ್, ಎಲ್ಲಕ್ಕೂ ಸೇರಿ ಒಂದೇ ಲೈನಿನ ಮಾಸ್ಟರ್ ಸಿಲಿಂಡರ್, ಅದೂ ಕಾಲಡಿಯ ತಗಡಿನ ಕೆಳಗೆ, ಕೆಸರು ಸಿಡಿಯುವ ಜಾಗದಲ್ಲಿ. ಎಲ್ಲಾದರೂ ಒಂದು ಪೈಪು ಸೋರಿದರೆ ನಾಲ್ಕೂ ಚಕ್ರದ ಬ್ರೇಕು ಹೋಯಿತು. ಹ್ಯಾಂಡ್ ಬ್ರೇಕ್ ಇದೆಯಲ್ಲ ಎನ್ನಬೇಡಿ. ಈ ಜೀಪುಗಳಲ್ಲಿ ಅದು ಚಕ್ರವನ್ನು ಹಿಡಿಯುವುದಿಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದೆ ಪ್ರೊಪೆಲ್ಲರ್ ಶಾಫ್ಟನ್ನು ಹಿಡಿಯುತ್ತದೆ. ನಿಂತ ಗಾಡಿ ಉರುಳದಂತೆ ತಡೆಯಲು ಸರಿ, ಓಡುವ ಗಾಡಿಗೆ ಅದನ್ನು ನೆಚ್ಚಬಾರದು.

ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಹಾಕಿಸಬೇಕು ಎಂದುಕೊಂಡು ಶಿವಮೊಗ್ಗದಲ್ಲಿ ವಿಚಾರಿಸಿದೆ. ಕಿಟ್ಟಿಗೆ ಹೇಳಿದ ಬೆಲೆ ದೊಡ್ಡದೇನಲ್ಲ ಅನಿಸಿತು. ಅಲ್ಲಿನ ಹಿರಿಯ ಮೇಸ್ತ್ರಿಯೊಬ್ಬರು ಮಾತ್ರ, "ಗೌಡ್ರೇ, ಡಿಸ್ಕು ಒಂದೇ ಬರಲ್ಲ, ಬಳಗಾನೆಲ್ಲ ಕರ್ಕೊಂಡು ಬರುತ್ತೆ" ಅಂದರು. ಆಮೇಲೆ ಕೂತು ಲೆಕ್ಕ ಬಿಡಿಸಿದರು. ಡ್ರಮ್ಮಿನಲ್ಲಿ ಚಕ್ರ ತಿರುಗುವ ರಭಸವೇ ಬ್ರೇಕ್ ಶೂವನ್ನು ಒಳಗಿನಿಂದ ಇನ್ನಷ್ಟು ಒತ್ತುತ್ತದೆ. ಡಿಸ್ಕಿಗೆ ಆ ನೆರವಿಲ್ಲ, ಕಾಲಿನ ಬಲವಷ್ಟೇ ಸಾಲದು; ಬೂಸ್ಟರ್ ಬೇಕು. ಬೂಸ್ಟರಿಗೆ ವ್ಯಾಕ್ಯೂಮ್ ಬೇಕು. ಪೆಟ್ರೋಲ್ ಇಂಜಿನ್ನಿನಲ್ಲಿ ಅದು ಮ್ಯಾನಿಫೋಲ್ಡಿನಲ್ಲೇ ಸಿಗುತ್ತದೆ, ನಮ್ಮ ಡೀಸೆಲ್ಲಿನಲ್ಲಿ ಇಲ್ಲ. ಹಾಗಾಗಿ ವ್ಯಾಕ್ಯೂಮ್ ಪಂಪ್ ಇರುವ ಆಲ್ಟರ್ನೇಟರ್, ಅದಕ್ಕೆ ಇಂಜಿನ್ನಿನಿಂದ ಆಯಿಲ್ ಲೈನ್, ಬೂಸ್ಟರ್ ಕೂರಿಸಲು ಹೊಸ ಬ್ರ್ಯಾಕೆಟ್ಟು. ಡ್ರಮ್ಮಿನ ಲೈನಿನಲ್ಲಿ ಒತ್ತಡ ಉಳಿಸುವ ವಾಲ್ವ್ ಇದ್ದರೆ ಅದನ್ನೂ ತೆಗೆಸಬೇಕು, ಇಲ್ಲದಿದ್ದರೆ ಪ್ಯಾಡು ಡಿಸ್ಕನ್ನು ಬಿಡದೆ ಉಜ್ಜುತ್ತಲೇ ಇರುತ್ತದೆ. ಎಲ್ಲ ಸೇರಿ 45,000 ರೂಪಾಯಿ ದಾಟಿತು.

ನಾನು ಡಿಸ್ಕ್ ಬಿಟ್ಟು, ಇದ್ದ ಡ್ರಮ್ಮನ್ನೇ ಪೂರ್ತಿ ಸರಿಮಾಡಿಸಿ, ಎರಡು ಲೈನಿನ ಮಾಸ್ಟರ್ ಸಿಲಿಂಡರ್ ಹಾಕಿಸಿದೆ. ಹಿಂದಿನ ಎಡ ಡ್ರಮ್ಮು ಸುತ್ತಿಗೆಗೂ ಸುಲಭಕ್ಕೆ ಜಗ್ಗಲಿಲ್ಲ. ಬಿಚ್ಚಿ ವೀಲ್ ಸಿಲಿಂಡರಿನ ರಬ್ಬರು ಸರಿಸಿದರೆ ಕಂದು ನೀರು ಇಳಿಯಿತು. ಎರಡು ಪಿಸ್ಟನ್ನುಗಳಲ್ಲಿ ಒಂದು ತುಕ್ಕು ಹಿಡಿದು ಅಲುಗಾಡುತ್ತಲೇ ಇರಲಿಲ್ಲ. ಲೈನರಿನ ಮೇಲೆ ಬ್ರೇಕ್ ಆಯಿಲ್, ದೂಳು ಸೇರಿ ಕಪ್ಪು ಜಿಡ್ಡು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಆ ನೀರೇ ಒಳಗಿನಿಂದ ತುಕ್ಕು ಹಿಡಿಸುವುದು. ಎರಡು ವರ್ಷಕ್ಕೊಮ್ಮೆ ಅದನ್ನು ಬದಲಾಯಿಸುವ ಖರ್ಚು ಕೆಲವೇ ನೂರು ರೂಪಾಯಿ.

ನಾಲ್ಕೂ ಚಕ್ರದ ಸಿಲಿಂಡರ್, ಲೈನರ್, ಹೊಸ ಪೈಪು, ಹೋಸ್, ಲೇತಿನಲ್ಲಿ ಡ್ರಮ್ ಉಜ್ಜಿಸಿದ್ದು, ಮಾಸ್ಟರ್ ಸಿಲಿಂಡರ್, ಕೂಲಿ ಎಲ್ಲ ಸೇರಿ 20,000ದ ಆಸುಪಾಸು ಆಯಿತು. ಈಗ ಮುಂದಿನ ಲೈನು ಒಡೆದರೂ ಹಿಂದಿನದು ಹಿಡಿಯುತ್ತದೆ. ಸವಳಂಗ, ಹೊನ್ನಾಳಿ, ತೋಟ ಎಂದು ಓಡಾಡುವ ಗಾಡಿಗೆ ಇಷ್ಟು ಸಾಕು. ಆಗುಂಬೆ, ಹುಲಿಕಲ್ ಘಾಟಿ ಪದೇಪದೇ ಇಳಿಯುವವರ ಮಾತು ಬೇರೆ. ಇಳಿಜಾರಿನಲ್ಲಿ ಡ್ರಮ್ ಕಾದು ಹಿಡಿತ ಬಿಡುತ್ತದೆ, ಅಂಥವರು ಡಿಸ್ಕಿಗೆ ಹಾಕುವ ದುಡ್ಡು ದಂಡವಲ್ಲ. ಇನ್ನೊಂದು ವಿಷಯ: ಸುಗ್ಗಿಯಲ್ಲಿ ನಮ್ಮ ರಸ್ತೆಗಳ ಮೇಲೆ ಮೆಕ್ಕೆಜೋಳ ಒಣಗುತ್ತಿರುತ್ತದೆ. ಆ ಕಾಳಿನ ಮೇಲೆ ಯಾವ ಬ್ರೇಕಾದರೂ ಚಕ್ರ ಜಾರುತ್ತದೆ. ಅಲ್ಲಿ ನಿಧಾನ ಹೋಗುವುದೇ ದಾರಿ.

ಕಾಗದದ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. 15 ವರ್ಷ ದಾಟಿದ ಕಾರು, ಜೀಪಿನ ಆರ್‌ಸಿ ನವೀಕರಣದ ಶುಲ್ಕ 2022ರ ಏಪ್ರಿಲ್‌ನಲ್ಲಿ 600ರಿಂದ 5,000 ರೂಪಾಯಿಗೆ ಏರಿತು. 20 ವರ್ಷ ದಾಟಿದವಕ್ಕೆ 2025ರಲ್ಲಿ 10,000 ಆಯಿತು. 1500 ಸಿಸಿ ಮೀರಿದ ಖಾಸಗಿ ಗಾಡಿಯ ಥರ್ಡ್ ಪಾರ್ಟಿ ವಿಮೆ 2022ರ ಜೂನ್‌ನಿಂದ ವರ್ಷಕ್ಕೆ 7,897 ರೂಪಾಯಿ. ಆ ವಿಮೆ ಎದುರಿನವರ ನಷ್ಟಕ್ಕೆ ಮಾತ್ರ; ಬ್ರೇಕ್ ತಪ್ಪಿ ನಮ್ಮ ಜೀಪು ಜಖಂ ಆದರೆ ಪೂರ್ತಿ ನಮ್ಮ ಜೇಬಿನಿಂದಲೇ. 50 ವರ್ಷ ದಾಟಿದ ಗಾಡಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಸಿಗುತ್ತದೆ, ವಿಮೆಯಲ್ಲಿ ಅರ್ಧ ರಿಯಾಯಿತಿಯೂ ಇದೆ. ಆದರೆ ಆ ನೋಂದಣಿಯಾದ ಮೇಲೆ ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ತೋಟಕ್ಕೆ ಓಡುವ ಜೀಪಿಗೆ ಅದು ಹೊಂದುವುದಿಲ್ಲ. ಬ್ರೇಕಿನಲ್ಲಿ ಏನೇ ಬದಲಾವಣೆ ಮಾಡಿಸುವ ಮುನ್ನ ಆರ್‌ಟಿಒದಲ್ಲಿ ಕೇಳಿ, ವಿಮಾ ಕಂಪನಿಗೆ ಬರೆದು ತಿಳಿಸಿ, ಬಿಲ್ಲು ಜೋಪಾನ ಮಾಡಿ.

ಈ ಸಲ ಅಡಿಕೆ ದುಡ್ಡು ಕೈಗೆ ಬಂದಾಗ ಪೇಂಟಿನ ಅಂಗಡಿಗೆ ಹೋಗುವ ಮೊದಲು ನಾಲ್ಕೂ ಡ್ರಮ್ ಬಿಚ್ಚಿಸಿ, ಎದುರಿಗೆ ನಿಂತು ನೋಡಿ. ಮಾಸ್ಟರ್ ಸಿಲಿಂಡರ್ ಒಂದೇ ಲೈನಿನದಾಗಿದ್ದರೆ ಮೊದಲು ಅದನ್ನು ಬದಲಾಯಿಸಿ.