ನೌಕರಿಯೊಂದಿಗೆ ಸ್ವಂತ ಉತ್ಪನ್ನ: ಮೊದಲು ತಿಳಿಯಬೇಕಾದ ಅಂಶಗಳು

1969ರಲ್ಲಿ ಅಹಮದಾಬಾದಿನ ಕರ್ಸನ್‌ಭಾಯಿ ಪಟೇಲರು ಗುಜರಾತ್ ಸರ್ಕಾರದ ಗಣಿ ಮತ್ತು ಭೂವಿಜ್ಞಾನ ಇಲಾಖೆಯಲ್ಲಿ ರಸಾಯನ ತಜ್ಞರಾಗಿದ್ದರು. ಬಿಡುವಿನ ವೇಳೆಯಲ್ಲಿ ಬಟ್ಟೆ ಒಗೆಯುವ ಪುಡಿಯನ್ನು ಮನೆಯಲ್ಲಿಯೇ ತಯಾರಿಸಿ, ಸೈಕಲ್ಲಿನಲ್ಲಿ ಮನೆಮನೆಗೆ ಕೊಂಡೊಯ್ದು ಮಾರುತ್ತಿದ್ದರು. ಮುಂದೆ ದೇಶದಾದ್ಯಂತ ಹೆಸರಾದ 'ನಿರ್ಮಾ' ಹುಟ್ಟಿದ್ದು ಹೀಗೆ. ಸಂಸಾರವನ್ನು ಸಂಬಳ ನಡೆಸುತ್ತಿರುವಾಗ, ಸಾಲದ ಹೊರೆಯಿಲ್ಲದೆ ಬೇಡಿಕೆಯನ್ನು ಪರೀಕ್ಷಿಸಿ ನೋಡಬಹುದೆಂಬುದು ಇದರ ಪಾಠ.

ಆದರೆ ತಯಾರಿಸಿದ ವಸ್ತು ಯಾರದು ಎಂಬ ಪ್ರಶ್ನೆಯನ್ನು ಆರಂಭದಲ್ಲಿಯೇ ಇತ್ಯರ್ಥಪಡಿಸಿಕೊಳ್ಳಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಉದ್ಯೋಗದ ಕರ್ತವ್ಯದ ಅಂಗವಾಗಿ ರಚಿಸಿದ ಸಾಫ್ಟ್‌ವೇರ್, ನಕ್ಷೆ ಮುಂತಾದವುಗಳಿಗೆ, ಬೇರೆ ಒಪ್ಪಂದವಿಲ್ಲದಿದ್ದರೆ, ಮಾಲೀಕರೇ ಪ್ರಥಮ ಹಕ್ಕುದಾರರು. ಆವಿಷ್ಕಾರಗಳ ವಿಷಯದಲ್ಲಿ ನೇಮಕಾತಿ ಪತ್ರದ ಷರತ್ತುಗಳು ನಿರ್ಣಾಯಕವಾಗುತ್ತವೆ. ಆದ್ದರಿಂದ ಆ ಪತ್ರವನ್ನು ಮತ್ತೊಮ್ಮೆ ಓದುವುದು ಅವಶ್ಯ. ಕಾರ್ಖಾನೆಯ ಯಂತ್ರ, ಕಚ್ಚಾವಸ್ತು, ಗ್ರಾಹಕರ ಪಟ್ಟಿ, ಕೆಲಸದ ವೇಳೆ ಇವುಗಳಲ್ಲಿ ಯಾವುದನ್ನೂ ಬಳಸಬಾರದು. ಸರ್ಕಾರಿ ನೌಕರರು ವ್ಯಾಪಾರಕ್ಕಿಳಿಯುವ ಮೊದಲು ನಡತೆ ನಿಯಮಗಳನ್ವಯ ಪೂರ್ವಾನುಮತಿ ಪಡೆಯತಕ್ಕದ್ದು.

ಅಮೆರಿಕದ ಸ್ಟೀವ್ ವೋಜ್ನಿಯಾಕ್ ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆಯ ಇಂಜಿನಿಯರಾಗಿದ್ದಾಗ ರೂಪಿಸಿದ ಗಣಕಯಂತ್ರವನ್ನು ಮೊದಲು ತಮ್ಮ ಸಂಸ್ಥೆಯ ಮುಂದಿಟ್ಟರು. ಸಂಸ್ಥೆ ಆಸಕ್ತಿ ತೋರಲಿಲ್ಲ. 1976ರಲ್ಲಿ ಅದು 'ಆ್ಯಪಲ್-1' ಆಗಿ ಮಾರುಕಟ್ಟೆಗೆ ಬಂದಿತು. ಮಾಲೀಕರಿಗೆ ತಿಳಿಸಿ, ಲಿಖಿತ ಒಪ್ಪಿಗೆ ಪಡೆಯುವವನಿಗೆ ಮುಂದೆ ವ್ಯಾಜ್ಯದ ಭಯವಿರುವುದಿಲ್ಲ.

ಪೇಟೆಂಟ್ ಪಡೆಯುವ ಉದ್ದೇಶವಿದ್ದಲ್ಲಿ, ವಸ್ತುವನ್ನು ಮಾರುವ ಅಥವಾ ಬಹಿರಂಗಪಡಿಸುವ ಮೊದಲೇ ಅರ್ಜಿ ಸಲ್ಲಿಸಬೇಕು. ಇಲ್ಲವಾದರೆ ಸಾಮಾನ್ಯವಾಗಿ ಹೊಸತನದ ಅರ್ಹತೆ ನಷ್ಟವಾಗುತ್ತದೆ.

ಬೆಲೆ ನಿಗದಿಯಲ್ಲಿಯೂ ಎಚ್ಚರ ಬೇಕು. ಸಂಬಳ ಬರುತ್ತಿರುವುದರಿಂದ ಅನೇಕರು ತಮ್ಮ ದುಡಿಮೆಯ ಕೂಲಿಯನ್ನೂ, ಮನೆಯ ಜಾಗದ ಬಾಡಿಗೆಯನ್ನೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಾಗದದ ಮೇಲೆ ಕಂಡ ಲಾಭ, ನೌಕರಿ ಬಿಟ್ಟ ಮರುತಿಂಗಳೇ ನಷ್ಟವಾಗಿ ಪರಿಣಮಿಸುತ್ತದೆ. ಇವೆರಡನ್ನೂ ಸೇರಿಸಿದ ಬೆಲೆಗೆ, ಬಂಧುಮಿತ್ರರಲ್ಲದ ಗ್ರಾಹಕರು ಮತ್ತೆ ಮತ್ತೆ ಕೊಳ್ಳತೊಡಗಿದಾಗ ಮಾತ್ರ ರಾಜೀನಾಮೆಯ ವಿಚಾರ ಮಾಡುವುದು ಲೇಸು. ಕೆಲವು ತಿಂಗಳ ಸಂಸಾರ ವೆಚ್ಚವನ್ನೂ ಬಂಡವಾಳದಿಂದ ಪ್ರತ್ಯೇಕವಾಗಿ ತೆಗೆದಿರಿಸಬೇಕು.

ಮಾಲೀಕರಾದ ಓದುಗರಿಗೂ ಒಂದು ಮಾತು. ಕುಶಲ ನೌಕರನ ಸ್ವಂತ ಪ್ರಯತ್ನವನ್ನು ದ್ರೋಹವೆಂದು ಭಾವಿಸಿದರೆ ಅವನು ಅದನ್ನು ಮರೆಮಾಚುತ್ತಾನೆ. ನಿಯಮಗಳನ್ನು ಸ್ಪಷ್ಟವಾಗಿ ಬರೆದಿಟ್ಟು ಅನುಮತಿ ನೀಡಿದರೆ, ಇಂದಿನ ನೌಕರನೇ ನಾಳೆ ನಂಬಿಕೆಯ ಸರಬರಾಜುದಾರನಾಗಬಲ್ಲನು.