ಹಾರಿಸಿದ ಪುಟಗಳು

ಪುಟ್ಟಿ,

‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಓದುವಾಗ ಮರ, ಬೆಟ್ಟ, ಹೊಳೆ ಬಂದಲ್ಲೆಲ್ಲ ಪುಟ ಹಾರಿಸಿ, ಯುದ್ಧ ಎಲ್ಲಿದೆ ಅಂತ ಹುಡುಕಿದೆ ಅಂದೆಯಲ್ಲ ಮೊನ್ನೆ ಫೋನಿನಲ್ಲಿ. ಆಗ ನಕ್ಕು ಸುಮ್ಮನಾದೆ. ಆಮೇಲೆ ಮನಸ್ಸು ತಡೆಯಲಿಲ್ಲ. ದೊಡ್ಡಪ್ಪನ ಮಾತು ಸ್ವಲ್ಪ ಕೇಳು.

ನೀನು ಓದುತ್ತಿರುವ ಲೀಡ್ಸ್ ವಿಶ್ವವಿದ್ಯಾಲಯದಲ್ಲೇ ಆ ಪುಸ್ತಕ ಬರೆದ ಟೋಲ್ಕಿನ್ 1920ರಿಂದ 1925ರವರೆಗೆ ಪಾಠ ಹೇಳಿದ. ಬೆಳೆದದ್ದು ಮಾತ್ರ ನಮ್ಮ ಬರ್ಮಿಂಗ್‌ಹ್ಯಾಮಿನಲ್ಲಿ. ಅವನು ಬಾಲ್ಯದಲ್ಲಿ ಆಡಿದ ಸೇರ್‌ಹೋಲ್ ಗಿರಣಿ ಈಗಲೂ ಇದೆ. ತಾಯಿ 1900ರಲ್ಲಿ ಕ್ಯಾಥೊಲಿಕ್ ಆದಳೆಂದು ನೆಂಟರು ಕೈಬಿಟ್ಟರು. 1904ರಲ್ಲಿ ಸಕ್ಕರೆ ಕಾಯಿಲೆಯಿಂದ ತೀರಿಕೊಂಡಳು. ಆಗಿನ್ನೂ ಇನ್ಸುಲಿನ್ ಇರಲಿಲ್ಲ. ಹನ್ನೆರಡರ ಹುಡುಗನನ್ನು ಸಾಕಿದವರು ಇಲ್ಲಿನ ಒರೇಟರಿಯ ಪಾದ್ರಿ ಫ್ರಾನ್ಸಿಸ್ ಮೋರ್ಗನ್. ಅಮ್ಮ ನಂಬಿಕೆಗಾಗಿಯೇ ಸತ್ತಳು ಅನ್ನುವುದು ಅವನ ಮನಸ್ಸಿನಿಂದ ಕೊನೆಯವರೆಗೂ ಹೋಗಲಿಲ್ಲ.

ಕಿಂಗ್ ಎಡ್ವರ್ಡ್ಸ್ ಶಾಲೆಯ ಲೈಬ್ರರಿಯಲ್ಲಿ ಅವನೊಂದಿಗೆ ಕದ್ದು ಚಹಾ ಕುಡಿಯುತ್ತಿದ್ದ ಗೆಳೆಯರಲ್ಲಿ ಗಿಲ್ಸನ್ 1916ರ ಜುಲೈ 1ರಂದು, ಸೋಮ್ ಕದನದ ಮೊದಲ ದಿನವೇ ಸತ್ತ. ಡಿಸೆಂಬರಿನಲ್ಲಿ ಸ್ಮಿತ್ ಹೋದ. ಅದೇ ಕದನದಲ್ಲಿದ್ದ ಟೋಲ್ಕಿನ್‌ನನ್ನು ಉಳಿಸಿದ್ದು ಹೇನು! ಹೇನಿನಿಂದ ಹರಡುವ ಕಂದಕದ ಜ್ವರ ಬಂದು, ಬರ್ಮಿಂಗ್‌ಹ್ಯಾಮಿನ ಆಸ್ಪತ್ರೆಗೆ ವಾಪಸಾದ.

ಯುದ್ಧಭೂಮಿಯಲ್ಲಿ ಮರಗಳೆಲ್ಲ ಬರೀ ಮೋಟುಗಳಾಗಿ ನಿಂತಿದ್ದನ್ನು ಕಂಡು ಬಂದವನು ಒಂದೊಂದು ಎಲೆಯನ್ನೂ ನಿಂತು ನೋಡದೆ ಇನ್ನೇನು ಮಾಡಿಯಾನು? ಸತ್ತವರ ಮುಖಗಳು ನೀರಿನಡಿ ಕಾಣುವ ಜೌಗಿನ ಅಧ್ಯಾಯವನ್ನು ವರ್ಣನೆ ಜಾಸ್ತಿಯೆಂದು ಹಾರಿಸಿದ್ದೀಯ. ಸೋಮ್ ಆದಮೇಲಿನ ಉತ್ತರ ಫ್ರಾನ್ಸಿನ ನೆಲಕ್ಕೆ ಆ ಜೌಗು ಋಣಿ ಅಂತ ಅವನೇ ಒಂದು ಪತ್ರದಲ್ಲಿ ಒಪ್ಪಿಕೊಂಡಿದ್ದಾನೆ. ನೀನು ಹುಡುಕುತ್ತಿದ್ದ ಯುದ್ಧ ಅಲ್ಲಿತ್ತು ಕಣಮ್ಮಾ. ‘ಮಲೆಗಳಲ್ಲಿ ಮದುಮಗಳು’ ಓದುವಾಗ ಮಳೆ, ಕಾಡು, ಜಿಗಣೆಯನ್ನೆಲ್ಲ ಸೋಸಿ ಕಥೆ ಮಾತ್ರ ಕೊಡಿ ಅಂತ ಕುವೆಂಪು ಅವರನ್ನು ಕೇಳುತ್ತೀಯಾ? ಅವಸರ ಮಾಡಬೇಡ. ದಿನಕ್ಕೆ ಹತ್ತು ಪುಟ ಸಾಕು. ಬರೆಯುವುದಕ್ಕೆ ಟೋಲ್ಕಿನ್‌ಗೆ ಹನ್ನೆರಡು ವರ್ಷ ಹಿಡಿಯಿತು.

ದೇವರು ಎಲ್ಲಿ ಅಂತಲೂ ಕೇಳಿದೆಯಲ್ಲ. ಕಥೆಯಲ್ಲಿ ಇಗರ್ಜಿಯಿಲ್ಲ, ಪಾದ್ರಿಯಿಲ್ಲ. ತೋಟದ ಮಾಲಿ ಸ್ಯಾಮ್ ಗ್ಯಾಮ್‌ಜಿ ಇದ್ದಾನೆ. (ಆ ಹೆಸರು ಕಂಡಾಗ ನನಗೆ ನಗು. ಗ್ಯಾಮ್‌ಜಿ ಅಂದರೆ ಗಾಯಕ್ಕಿಡುವ ಹತ್ತಿಪಟ್ಟಿ. ಇದೇ ಊರಿನ ಸರ್ಜನ್ ಸ್ಯಾಂಪ್ಸನ್ ಗ್ಯಾಮ್‌ಜಿ 1880ರಲ್ಲಿ ಕಂಡುಹಿಡಿದದ್ದು. ನಾನೂ ಎಷ್ಟೋ ಕಾಲುಗಳಿಗೆ ಕಟ್ಟಿದ್ದೇನೆ.) ಮೂರನೆಯ ಸಂಪುಟದಲ್ಲಿ, ಸುಟ್ಟು ಕರಕಾದ ಒಂದು ನಾಡಿನಲ್ಲಿ, ಗೆಳೆಯ ನಿದ್ದೆಹೋದ ಮೇಲೆ ಸ್ಯಾಮ್ ತಲೆಯೆತ್ತಿ ನೋಡುತ್ತಾನೆ. ಮೋಡ ಹರಿದಲ್ಲಿ ಒಂದೇ ಒಂದು ಬಿಳಿ ನಕ್ಷತ್ರ. ಪ್ರಾರ್ಥನೆ ಗೀರ್ಥನೆ ಏನಿಲ್ಲ. ಹೆದರಿಕೆ ಬಿಟ್ಟು ಅವನೂ ಮಲಗುತ್ತಾನೆ.

ಆ ಪುಟ ಹಾರಿಸಬೇಡ. ರಾತ್ರಿ ಪಾಳಿ ಮುಗಿಸಿ ಬಸ್ಸಿನಲ್ಲಿ ಅದನ್ನು ಓದುತ್ತ ಕುಳಿತಿದ್ದೆ. ನಮ್ಮ ಸ್ಟಾಪು ದಾಟಿ ಎಷ್ಟೋ ದೂರ ಹೋದಮೇಲೆ ಗೊತ್ತಾಯಿತು.